ಇಪ್ಪತ್ತೇಳೋ, ಮೂವತ್ತೆಂಟೋ

“ಕನ್ನಡಕ ಎಲ್ಲಿತ್ತು ಅಂದೆ?”

ಗೇಶಳ ಕೈಯಲ್ಲಿದ್ದ ಟೀ ಜಗ್ ಬಟ್ಟಲಿನ ಮೇಲೆ ಹಾಗೇ ನಿಂತಿತು.

“ಕೋಟಿನ ಒಳಜೇಬಲ್ಲಿ,” ಅಂದೆ. “ಡಬ್ಬಿ ಒಳಗೆ. ಡಬ್ಬಿ ಮುಚ್ಚಿತ್ತು.”

“ಮೂಗಿನ ಮೇಲೆ ಇರ್ಲಿಲ್ವಾ?”

“ಇಲ್ಲ.”

ಅವಳು ಜಗ್ಗನ್ನು ಕೆಳಗಿಟ್ಟಳು. ಅಡುಗೆಮನೆಯಲ್ಲಿ ನಾವಿಬ್ಬರೂ ಕೋಟು ತೊಟ್ಟೇ ಕೂತಿದ್ದೆವು. ಗೋಡೆಯ ಹೀಟರ್ ತಣ್ಣಗಿತ್ತು. ಆ ಫೆಬ್ರವರಿಯಲ್ಲಿ ನಮ್ಮ ಕಡೆ ಅರ್ಧ ಮನೆಗಳು ಹಾಗೇ ಇದ್ದವು. ಗ್ಯಾಸ್ ಬಿಲ್ಲು ನೋಡಿದ ಮೇಲೆ ಯಾರೂ ಹೀಟರಿನ ತಿರುಪು ಮುಟ್ಟುತ್ತಿರಲಿಲ್ಲ.

ಗೇಶಳ ಗಂಡ ಹಬ್ಬೋ ಐಲರ್ಸ್, ಲೋಗರ್‌ಮೋರ್ ಎಂಬಲ್ಲಿನ ಗ್ಯಾಸ್ ಉಗ್ರಾಣದ ಅಳತೆಗಾರ. ಮಂಗಳವಾರ ಬೆಳಿಗ್ಗೆ ಎಂಟರಿಂದ ಒಂಬತ್ತರೊಳಗೆ ಉಗ್ರಾಣದ ಹಿಂದಿನ ಕಾಲುವೆಯಲ್ಲಿ ಸತ್ತಿದ್ದ. ಹಿಮ ಕಟ್ಟಿದ ದಡದಲ್ಲಿ ಕಾಲು ಜಾರಿತು ಎಂದು ಕಂಪನಿ ಹೇಳಿತ್ತು. ಜಿಲ್ಲೆಯ ಪತ್ತೇದಾರಿ ವಿಭಾಗದ ಥೇಡಾ ಉಬ್ಬೆನ್ ಆದ ನಾನು ಎರಡು ದಿನ ಅದನ್ನೇ ನಂಬಿದ್ದೆ. ಗುರುವಾರ ಮರಣೋತ್ತರ ವರದಿ ಬಂತು. ಎದೆಯ ಮೇಲೆ ಅಂಗೈಯಗಲದ ಕಂದು ಗುರುತು, ಯಾರೋ ತಳ್ಳಿದ ಹಾಗೆ.

ಇವತ್ತು ಶುಕ್ರವಾರ.

“ಅವನು ಕನ್ನಡಕ ತೆಗೀತಿದ್ದದ್ದು ಎರಡೇ ಹೊತ್ತಲ್ಲಿ,” ಗೇಶ ಹೇಳಿದಳು. “ಮಲಗೋವಾಗ. ಓದೋವಾಗ. ದೂರದ್ದು ಏನೂ ಕಾಣ್ತಿರ್ಲಿಲ್ಲ. ಹತ್ತಿರದ್ದಕ್ಕೆ ಕನ್ನಡಕ ಬೇಕಿರ್ಲಿಲ್ಲ. ಪೇಪರ್ ಮೂಗಿಗೆ ತಾಗೋ ಹಾಗೆ ಹಿಡ್ಕೊಂಡು ಓದೋನು. ನಾನು ಆಡ್ಕೊಳ್ತಿದ್ದೆ, ಓದ್ತಿದ್ದೀಯೋ ಮೂಸ್ತಿದ್ದೀಯೋ ಅಂತ.”

“ಅಂದ್ರೆ ಕಾಲುವೆ ದಡದಲ್ಲಿ ನಿಂತು ಏನೋ ಓದ್ತಾ ಇದ್ದ.”

“ಆ ಚಳೀಲಿ?”

“ಯಾರೋ ಓದೋಕೆ ಕೊಟ್ಟಿದಾರೆ ಗೇಶ. ಅವನ ಹತ್ರ ಒಂದು ಚೂರು ಕಾಗದಾನೂ ಸಿಗ್ಲಿಲ್ಲ. ಕೊಟ್ಟೋರೇ ವಾಪಸ್ ತಗೊಂಡು ಹೋಗಿದಾರೆ.”

ಅವಳು ಜಗ್ಗೆತ್ತಿ ಬಟ್ಟಲಿಗೆ ಟೀ ಸುರಿದಳು. ಬಟ್ಟಲಿನ ತಳದಲ್ಲಿ ಕಲ್ಲುಸಕ್ಕರೆ ಚಟ್ ಎಂದು ಬಿರುಕು ಬಿಟ್ಟಿತು.

“ಹಾಗಿದ್ರೆ ಗುರುತಿನೋರೇ,” ಅಂದಳು ಕೊನೆಗೆ. “ಹೊರಗಿನೋರ ಎದುರು ಅವನು ಕನ್ನಡಕ ತೆಗೆಯೋನೇ ಅಲ್ಲ. ಬಟ್ಟೆ ಬಿಚ್ಚಿದ ಹಾಗಾಗುತ್ತೆ ಅನ್ನೋನು. ಮದುವೆ ಫೋಟೋದಲ್ಲೂ ತೆಗೀಲಿಲ್ಲ, ನೋಡು.”

ನಾನು ಫೋಟೋ ನೋಡಲಿಲ್ಲ. ಅದರ ಪಕ್ಕದ ಕ್ಯಾಲೆಂಡರ್ ನೋಡುತ್ತಿದ್ದೆ. ಪ್ರತಿ ದಿನದ ಚೌಕದಲ್ಲೂ ಪೆನ್ಸಿಲಿನಲ್ಲಿ ಎರಡೆರಡು ಅಂಕಿಗಳಿದ್ದವು. ಮೇಲಿನದು ದೊಡ್ಡದು, ಕೆಳಗಿನದು ಚಿಕ್ಕದು. ಸೋಮವಾರದ ಚೌಕದಲ್ಲಿ ಮೂವತ್ತೆಂಟು, ಅದರಡಿ ಇಪ್ಪತ್ತೇಳು. ಮಂಗಳವಾರದಿಂದ ಖಾಲಿ.

“ಇದೇನು?”

“ಮೇಲಿಂದು ಕಂಪನಿ ಲೋಕಕ್ಕೆಲ್ಲ ಹೇಳೋದು. ಉಗ್ರಾಣದಲ್ಲಿ ನೂರಕ್ಕೆ ಎಷ್ಟು ಪಾಲು ಗ್ಯಾಸ್ ಇದೆ ಅಂತ.”

“ಕೆಳಗಿಂದು?”

“ಅದು ಅವನದು,” ಅಂದಳು ಗೇಶ. “ಅಕ್ಟೋಬರಲ್ಲಿ ಉಗ್ರಾಣ ಅಳೆದು ವರದಿ ಬರೆದಾಗಿಂದ ಅವನು ಸರಿಯಾಗಿ ನಿದ್ದೆ ಮಾಡಿಲ್ಲ ಥೇಡಾ. ಊಟಕ್ಕೆ ಕೂತರೂ ಒಂದೇ ಮಾತು. ಹೊಟ್ಟೆ ಕುಗ್ಗಿದೆ, ಹೊಟ್ಟೆ ಕುಗ್ಗಿದೆ. ನಾನು ದಡ್ಡಿ, ವೈದ್ಯರ ಹತ್ರ ಹೋಗು ಅಂದೆ.”

ಅವಳು ನಗಲು ಹೋದಳು. ಆಗಲಿಲ್ಲ. ಮೂರನೇ ಬಟ್ಟಲು ಟೀ ಕುಡಿಯದೆ ಎದ್ದುಬರುವುದು ನಮ್ಮ ಸೀಮೆಯಲ್ಲಿ ಮರ್ಯಾದೆಯಲ್ಲ. ನಾನು ಎದ್ದುಬಂದೆ.

*

ನಮ್ಮ ಹೊಲಗಳ ಕೆಳಗೆ ಕಿಲೋಮೀಟರ್ ಆಳದಲ್ಲಿ ಉಪ್ಪಿನ ಬೆಟ್ಟವೊಂದು ಹೂತುಹೋಗಿದೆ. ಅದನ್ನು ನೀರಿನಿಂದ ಕರಗಿಸಿ ಹನ್ನೊಂದು ಪೊಳ್ಳುಗಳನ್ನು ಮಾಡಿದ್ದಾರೆ. ಬೇಸಿಗೆಯಲ್ಲಿ ಅವಕ್ಕೆ ಗ್ಯಾಸ್ ತುಂಬುತ್ತಾರೆ, ಚಳಿಗಾಲದಲ್ಲಿ ತೆಗೆಯುತ್ತಾರೆ. ಮೇಲೆ ನಿಂತವರಿಗೆ ಕಾಣುವುದು ಹುಲ್ಲು, ಬಾತುಕೋಳಿ, ಅಲ್ಲಲ್ಲಿ ನೆಲದಿಂದೆದ್ದ ನೀಲಿ ಕೊಳವೆಗಳು ಮಾತ್ರ. ಊರವರು ಅದನ್ನು ‘ಹೊಟ್ಟೆ’ ಅನ್ನುತ್ತಾರೆ.

ನನ್ನ ಜೊತೆಗಾರ ರೆಂಕೋ ಕಾರು ಓಡಿಸುತ್ತಿದ್ದ. ನಲವತ್ತು ದಾಟಿದವನು, ಇಬ್ಬರು ಹೆಣ್ಣುಮಕ್ಕಳ ತಂದೆ. ಬಾಯಿ ಸುಮ್ಮನಿರುವುದಿಲ್ಲ.

“ಮೇಡಂ, ಮಂಗಳವಾರ ಬೆಳಿಗ್ಗೆ ಉಗ್ರಾಣದ ಟೆರ್‌ಹೋರ್ಸ್ಟ್ ಎಲ್ಲಿದ್ರು ಅಂತ ವಿಚಾರಿಸಿದೆ. ಏಳೂವರೆಯಿಂದ ಒಂಬತ್ತೂವರೆವರೆಗೆ ಮಾಲೀಕರ ಜೊತೆ ವೀಡಿಯೋ ಸಭೆ. ಹನ್ನೊಂದು ಜನ ಅವರ ಮುಖ ನೋಡ್ತಾ ಕೂತಿದ್ರು.”

“ಪಾಪ.”

“ಯಾರು, ಅವರಾ?”

“ಆ ಹನ್ನೊಂದು ಜನ.”

ಇಂಗೋಲ್ಫ್ ಟೆರ್‌ಹೋರ್ಸ್ಟ್ ಉಗ್ರಾಣದ ಮುಖ್ಯಸ್ಥ. ಐವತ್ತೈದರ ಆಸುಪಾಸಿನ, ದಪ್ಪ ಉಣ್ಣೆ ಸ್ವೆಟರ್ ತೊಟ್ಟ, ಕಣ್ಣಿನಡಿ ಕಪ್ಪುಗಟ್ಟಿದ ಮನುಷ್ಯ. ಅವನ ಕೋಣೆಯ ಹೀಟರ್ ಕೂಡ ಆರಿತ್ತು. ಗೋಡೆಯ ಪರದೆಯಲ್ಲಿ ಗ್ಯಾಸಿನ ಬೆಲೆಯ ಗೆರೆ ಏರುತ್ತಾ ಇಳಿಯುತ್ತಾ ಓಡುತ್ತಿತ್ತು. ಅದರ ಪಕ್ಕದಲ್ಲಿ ದೊಡ್ಡದಾಗಿ ಮೂವತ್ತೆಂಟು.

“ಇಪ್ಪತ್ತೇಳು,” ಅಂದೆ ನಿಂತುಕೊಂಡೇ.

“ಏನು ಇಪ್ಪತ್ತೇಳು ಮೇಡಂ?”

“ನಿಮ್ಮ ಹೊಟ್ಟೇಲಿರೋದು.”

“ನನ್ನ ಹೊಟ್ಟೇಲಿ ಬೆಳಿಗ್ಗೆಯಿಂದ ಎರಡು ಲೋಟ ಕಾಫಿ ಬಿಟ್ಟು ಏನೂ ಇಲ್ಲ.”

ರೆಂಕೋ ನಕ್ಕ. ನಾನು ನಗಲಿಲ್ಲ. ಟೆರ್‌ಹೋರ್ಸ್ಟನ ಮುಖದ ನಗೆಯೂ ನಿಧಾನವಾಗಿ ಇಂಗಿತು.

“ಅಕ್ಟೋಬರಿನಲ್ಲಿ ಹಬ್ಬೋ ಶಬ್ದದ ಅಲೆ ಕಳಿಸಿ ಪೊಳ್ಳುಗಳನ್ನ ಅಳೆದ,” ಅಂದೆ. “ಉಪ್ಪಿನ ಗೋಡೆ ಒಳಕ್ಕೆ ಒತ್ಕೊಂಡು ಬಂದಿತ್ತು. ನೀವು ಹಳೇ ಅಳತೆ ಹಿಡಿದು ಮೂವತ್ತೆಂಟು ಅಂತಿದೀರಿ. ಹೊಸ ಅಳತೆ ಹಿಡಿದ್ರೆ ಇಪ್ಪತ್ತೇಳು. ಆ ವರದಿ ಎಲ್ಲಿ?”

ಅವನು ಬಾಗಿಲ ಕಡೆ ನೋಡಿದ. ಆಮೇಲೆ ಕಿಟಕಿಯ ಕಡೆ. ಆಮೇಲೆ ಮೇಜಿನ ಕೆಳಗಿನ ಖಾನೆ ಎಳೆದು ಒಂದು ಕಡತ ತೆಗೆದು ನನ್ನ ಮುಂದಿಟ್ಟ. ಅಷ್ಟು ಸುಲಭವಾಗಿ ಕೊಡುತ್ತಾನೆಂದು ನಾನು ಎಣಿಸಿರಲಿಲ್ಲ.

“ನಾಲ್ಕು ತಿಂಗಳಿಂದ ಇದು ಇಲ್ಲಿದೆ,” ಅಂದ. “ಯಾರಾದ್ರೂ ಬಂದು ಕೇಳ್ತಾರೆ ಅಂತ ದಿನಾ ಕಾಯ್ತಿದ್ದೆ. ಹಬ್ಬೋ ಸತ್ತ ಮೇಲೆ ಕೇಳ್ತೀರಿ ಅಂದ್ಕೊಂಡಿರ್ಲಿಲ್ಲ.”

“ಯಾಕೆ ಮುಚ್ಚಿಟ್ರಿ?”

“ಬೆಲೆ ಏರಬಾರದು ಅಂತ.”

“ಸಂತರಾ ನೀವು?”

“ಕೇಳಿ ಮೇಡಂ.” ಅವನು ಪರದೆಯ ಗೆರೆಗೆ ಬೆರಳು ತೋರಿಸಿದ. “ಈ ವರ್ಷ ದೇಶದಲ್ಲಿ ಎಲ್ಲ ಉಗ್ರಾಣಾನೂ ತಳ ಕಾಣ್ತಾ ಇದೆ. ಇಡೀ ಪೇಟೆ ಈ ಅಂಕಿಗಳನ್ನೇ ನೋಡ್ಕೊಂಡು ಕೂತಿದೆ. ಚಳಿ ಮುಗಿಯೋವರೆಗೆ ಸಾಕಾಗುತ್ತೆ ಅನ್ನಿಸಿದ್ರೆ ಬೆಲೆ ಇಳಿಯುತ್ತೆ. ಸಾಕಾಗಲ್ಲ ಅನ್ನಿಸಿದ್ರೆ, ಗ್ಯಾಸ್ ಇನ್ನೂ ಇರೋವಾಗ್ಲೇ ಬೆಲೆ ಏರುತ್ತೆ. ಲೋಗರ್‌ಮೋರ್‌ನ ಅಂಕಿ ಸುಳ್ಳು ಅಂತ ಗೊತ್ತಾದ್ರೆ ಏನಾಗುತ್ತೆ? ನಮ್ಮದೊಂದೇ ಅಲ್ಲ. ಬೇರೆ ಉಗ್ರಾಣಗಳೂ ಹೀಗೇ ಇರಬಹುದಾ ಅಂತ ಕೇಳ್ತಾರೆ. ಅಷ್ಟು ಸಾಕು, ಮಧ್ಯಾಹ್ನದೊಳಗೆ ಬೆಂಕಿ.”

“ಮತ್ತೆ ನಿಮ್ಮ ಮಾಲೀಕರು? ಇಲ್ಲದ ಜಾಗಕ್ಕೂ ಗ್ಯಾಸ್ ವ್ಯಾಪಾರಿಗಳಿಂದ ಅವರಿಗೆ ಬಾಡಿಗೆ ಬರ್ತಾ ಇತ್ತು, ಅಲ್ವಾ?”

ಅವನು ತಲೆ ತಗ್ಗಿಸಿದ.

“ಬರ್ತಾ ಇತ್ತು. ಎರಡೂ ನಿಜ. ನಾನು ಮಲಗೋವಾಗ ಮೊದಲನೇದನ್ನ ನೆನಸ್ಕೊಳ್ತೀನಿ.”

“ಹಬ್ಬೋ ನಿಮ್ಮ ಹತ್ರ ಕೊನೇ ಸಲ ಮಾತಾಡಿದ್ದು ಯಾವಾಗ?”

“ಸೋಮವಾರ ಸಂಜೆ. ನಾಳೆ ಹತ್ತು ಗಂಟೆಗೆ ಸರ್ಕಾರಿ ಅಧಿಕಾರಿಗಳಿಗೆ ದೂರು ಕೊಡ್ತೀನಿ ಅಂದ. ಹದಿನೈದು ದಿನ ತಡೀರಿ, ಚಳಿ ಮುರೀಲಿ, ಆಮೇಲೆ ನಾನೇ ಹೇಳ್ತೀನಿ ಅಂತ ಬೇಡ್ಕೊಂಡೆ. ‘ಹದಿನೈದು ದಿನದಲ್ಲಿ ನಿಜವಾಗಿ ಖಾಲಿಯಾದ್ರೆ ಆಸ್ಪತ್ರೆಗೆ ಏನು ಕೊಡ್ತೀರಿ, ನಿಮ್ಮ ಅಂಕಿಯಾ?’ ಅಂದ.”

“ಮಂಗಳವಾರ ಹತ್ತು ಗಂಟೆಗೆ ಮುಂಚೆ ಅವನು ಸತ್ತ. ನಿಮಗೆ ಅನುಕೂಲ ಆಯ್ತು.”

“ಆಯ್ತು,” ಅಂದ ಟೆರ್‌ಹೋರ್ಸ್ಟ್. ಕಣ್ಣು ತುಂಬಿ ಬಂದಿತ್ತು. ನಾಟಕವಿರಬಹುದು. ಇಪ್ಪತ್ತಾರು ವರ್ಷದ ಕೆಲಸದಲ್ಲಿ ನಾನು ಕಣ್ಣೀರಿಗೆ ಬೆಲೆ ಕೊಡುವುದನ್ನು ಬಿಟ್ಟಿದ್ದೇನೆ. “ಆದ್ರೆ ನಾನಲ್ಲ ಮೇಡಂ.”

“ಕಾಲುವೆ ದಡಕ್ಕೆ ಯಾರನ್ನ ಕಳ್ಸಿದ್ರಿ? ಯಾವ ಕಾಗದ ಕೊಟ್ಟು?”

“ಕಾಗದ?”

“ಅವನು ಕನ್ನಡಕ ತೆಗೆದು ಏನೋ ಓದ್ತಿದ್ದ.”

ಟೆರ್‌ಹೋರ್ಸ್ಟ್ ನನ್ನನ್ನೇ ನೋಡಿದ. ಅವನ ಮುಖದಲ್ಲಿ ಕಂಡದ್ದು ಭಯವಲ್ಲ, ಬೆರಗು.

“ಹನ್ನೆರಡು ವರ್ಷ ನನ್ನ ಜೊತೆ ಕೆಲಸ ಮಾಡಿದಾನೆ. ಒಂದು ಸಲಾನೂ ನಮ್ಮ ಯಾರೆದುರೂ ಕನ್ನಡಕ ತೆಗೆದಿಲ್ಲ. ನಾನು ಏನಾದ್ರೂ ಕೊಟ್ರೆ ತನ್ನ ಕೋಣೆಗೆ ತಗೊಂಡು ಹೋಗಿ, ಬಾಗಿಲು ಹಾಕ್ಕೊಂಡು ಓದಿ ಬರೋನು. ಸೋಮವಾರ ಅವನು ಇನ್ನೊಂದು ಮಾತು ಹೇಳಿದ್ದ. ‘ನೀವು ಮುಚ್ಚಿಟ್ಟು ಪ್ರಯೋಜನ ಇಲ್ಲ, ನಾನು ಆಗ್ಲೇ ಒಬ್ಬ ಸ್ನೇಹಿತನಿಗೆ ಹೇಳಿದೀನಿ’ ಅಂತ.”

“ಯಾರು ಆ ಸ್ನೇಹಿತ?”

“ಹೆಸರು ಹೇಳ್ಲಿಲ್ಲ. ‘ಅವನಿಗೆ ಇದು ಗೊತ್ತಾಗಲೇಬೇಕಿತ್ತು’ ಅಂದ, ಅಷ್ಟೇ.”

ರೆಂಕೋ ಬರೆದುಕೊಂಡ. ನಾನು ಕಡತ ಮಡಚಿ ಎದ್ದೆ.

“ಇವತ್ತೇ ಸರಿಯಾದ ಅಂಕಿ ಹೊರಗೆ ಹಾಕ್ಬೇಕಾಗುತ್ತೆ,” ಅಂದೆ.

“ಸೋಮವಾರದವರೆಗೆ ಬಿಡಿ.” ಅವನು ಮೇಜು ಸುತ್ತಿ ಬಂದು ನನ್ನೆದುರು ನಿಂತ. “ಭಾನುವಾರ ಗಾಳಿ ತಿರುಗುತ್ತೆ, ಚಳಿ ಕಮ್ಮಿಯಾಗುತ್ತೆ. ಸೋಮವಾರ ಹೇಳಿದ್ರೆ ಅರ್ಧ ಪೆಟ್ಟು. ಇವತ್ತು ಹೇಳಿದ್ರೆ ಯಾರ ತಲೆ ಮೇಲೆ ಬೀಳುತ್ತೆ ಗೊತ್ತಾ? ನನ್ನ ಮಾಲೀಕರ ಮೇಲಲ್ಲ. ಗಾಜಿನ ಮನೇಲಿ ಟೊಮೇಟೊ ಬೆಳೆಯೋನ ಮೇಲೆ. ಬಟ್ಟೆ ಒಗೆಯೋ ಅಂಗಡಿಯೋನ ಮೇಲೆ. ಬೇಕರಿಯೋನ ಮೇಲೆ.”

ಕೊನೆಯ ಮಾತು ಅವನು ಬೇಕೆಂದೇ ಹೇಳಿದನೋ ಏನೋ. ನನ್ನ ತಮ್ಮ ಎನ್ನೋ ಪಕ್ಕದ ಊರಿನಲ್ಲಿ ಬೇಕರಿ ನಡೆಸುತ್ತಾನೆಂದು ಇಲ್ಲಿ ಯಾರಿಗೆ ಗೊತ್ತಿಲ್ಲ? ಅಪ್ಪ ಬಿಟ್ಟುಹೋದ ಒಲೆ. ಕಪ್ಪು ಬ್ರೆಡ್ಡನ್ನು ಹದಿನಾರು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಬೇಕು, ಉರಿಯೆಲ್ಲ ಗ್ಯಾಸಿನದು. ಹಳೆಯ ಕರಾರು ಈ ತಿಂಗಳಿಗೆ ಮುಗಿಯುತ್ತಿತ್ತು. ಎರಡು ವರ್ಷ ಒಂದೇ ದರಕ್ಕೆ ಗ್ಯಾಸ್ ಕೊಡುವ ಹೊಸ ಕರಾರಿಗೆ ಶನಿವಾರ ಹತ್ತು ಗಂಟೆಗೆ ಸಹಿ ಎಂದು ಕಳೆದ ಭಾನುವಾರ ಟೀ ಕುಡಿಯುತ್ತಾ ಹೇಳಿದ್ದ. ಬಹಳ ದಿನಗಳ ಮೇಲೆ ಅವನು ಅವತ್ತು ಎರಡು ತುಂಡು ಕೇಕ್ ತಿಂದಿದ್ದ.

ಶನಿವಾರ ಅಂದರೆ ನಾಳೆ.

ಹೊರಗೆ ಮೊಗಸಾಲೆಯಲ್ಲಿ ರೆಂಕೋ ದನಿ ತಗ್ಗಿಸಿದ. “ಮೇಡಂ, ನಾನು ಕೇಳಬಾರದು. ಈ ಕಡತ ನಮಗೆ ನಾಳೆ ಮಧ್ಯಾಹ್ನ ಸಿಕ್ಕಿತು ಅಂತ ಬರೆದ್ರೆ ಪ್ರಪಂಚ ಮುಳುಗುತ್ತಾ?”

ಅವನಿಗೆ ಎನ್ನೋ ಗೊತ್ತು. ಅವನ ಮಕ್ಕಳಿಗೆ ಪ್ರತಿ ಶನಿವಾರ ಎನ್ನೋ ಸಕ್ಕರೆ ಬನ್ನು ಕೊಡುತ್ತಾನೆ.

ನಾನು ಗೋಡೆಗೆ ಒರಗಿ ನಿಂತೆ. ಒಂದು ದಿನ. ಒಂದು ದಿನಾಂಕ ಮಾತ್ರ ತಿದ್ದಬೇಕಿತ್ತು. ಟೆರ್‌ಹೋರ್ಸ್ಟ್ ಮಾಡಿದ್ದೂ ಅಷ್ಟೇ ತಾನೆ? ಇವತ್ತು ಬೇಡ, ನಾಳೆ. ನಾಳೆ ಬೇಡ, ಚಳಿ ಮುರಿದ ಮೇಲೆ. ಹೀಗೇ ನಾಲ್ಕು ತಿಂಗಳು. ಅದರ ಕೊನೆಯಲ್ಲಿ ಒಬ್ಬ ಮನುಷ್ಯ ಕಾಲುವೆಯಲ್ಲಿ.

“ಮುಳುಗಲ್ಲ,” ಅಂದೆ. “ಸರ್ಕಾರಿ ವಕೀಲರಿಗೆ ಫೋನ್ ಹಚ್ಚು.”

ಗಂಟೆ ಹನ್ನೊಂದೂ ನಲವತ್ತು.

*

ಸರ್ಕಾರಿ ವಕೀಲರ ಆದೇಶದ ಮೇಲೆ ಎರಡು ಗಂಟೆಗೆ ಲೋಗರ್‌ಮೋರ್‌ನ ಅಂಕಿ ಮೂವತ್ತೆಂಟರಿಂದ ಇಪ್ಪತ್ತೇಳಕ್ಕೆ ಇಳಿಯಿತು. ಎರಡೂ ಕಾಲಿಗೆ ಕಾರಿನ ರೇಡಿಯೋದಲ್ಲಿ ಸುದ್ದಿ ಬಂತು. ಎರಡೂವರೆಗೆ ಯಾರೋ ಪರಿಣತರು, “ಉಳಿದ ಉಗ್ರಾಣಗಳ ಅಂಕಿ ಎಷ್ಟು ನಂಬುವಂಥದ್ದು ಎಂಬುದೇ ಈಗಿನ ಪ್ರಶ್ನೆ” ಎಂದರು. ಟೆರ್‌ಹೋರ್ಸ್ಟ್ ಹೇಳಿದ್ದ ಮಾತೇ. ಬೆಳಿಗ್ಗೆ ಎಪ್ಪತ್ತೆಂಟು ಯೂರೋ ಇದ್ದ ಬೆಲೆ ಮೂರು ಗಂಟೆಗೆ ತೊಂಬತ್ತಾರಕ್ಕೆ ಹೋಗಿತ್ತು.

ರೆಂಕೋ ರೇಡಿಯೋ ಆರಿಸಿದ. ಉದ್ದಕ್ಕೂ ಬಯಲು, ಬಯಲಿನ ಮೇಲೆ ಗಾಳಿಯಂತ್ರಗಳು. ಅವತ್ತು ಗಾಳಿ ಇರಲಿಲ್ಲ. ಒಂದೂ ತಿರುಗುತ್ತಿರಲಿಲ್ಲ.

ಬೇಕರಿಯ ಮುಂದೆ ಕಾರು ನಿಂತಾಗ ನಾಲ್ಕು ಗಂಟೆ. ಬಾಗಿಲಿಗೆ ‘ಮುಚ್ಚಿದೆ’ ಎಂಬ ಹಲಗೆ. ಶುಕ್ರವಾರ ಸಂಜೆ ಆ ಹಲಗೆಯನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಅಪ್ಪ ಸತ್ತ ದಿನವೂ ಅಂಗಡಿ ಐದರವರೆಗೆ ತೆರೆದಿತ್ತು.

“ನೀನು ಇಲ್ಲೇ ಇರು,” ಅಂದೆ ರೆಂಕೋಗೆ. “ಇದು ಮನೆ ವಿಷಯ.”

ಹಿತ್ತಿಲ ಬಾಗಿಲಿನಿಂದ ಒಳಗೆ ಹೋದೆ. ಎನ್ನೋ ಒಲೆಯ ಮುಂದಿನ ಸ್ಟೂಲಿನ ಮೇಲೆ ಕೂತಿದ್ದ. ಒಲೆಯ ಬಾಗಿಲು ತೆರೆದಿತ್ತು. ಒಳಗೆ ಕತ್ತಲೆ. ಅಷ್ಟು ವರ್ಷ ಆ ಕೋಣೆಯಲ್ಲಿ ಬೆವರದೆ ನಿಂತದ್ದು ನನಗೆ ನೆನಪಿಲ್ಲ. ಈಗ ಕಿಟಕಿಗಳೆಲ್ಲ ತೆರೆದಿದ್ದವು, ನಮ್ಮಿಬ್ಬರ ಉಸಿರು ಬೆಳ್ಳಗೆ ಕಾಣುತ್ತಿತ್ತು.

“ಎಲ್ಲರನ್ನೂ ಮನೆಗೆ ಕಳ್ಸಿದೆ,” ಅಂದ, ತಿರುಗಿ ನೋಡದೆ. “ಒಂಬತ್ತು ಜನ. ಹಿಲ್ಕೆ ಮೂವತ್ತೊಂದು ವರ್ಷದಿಂದ ಇದ್ಲು. ಹೋಗೋವಾಗ ಏಪ್ರನ್ ಮಡ್ಸಿ, ಇಸ್ತ್ರಿ ಮಾಡಿದ ಹಾಗೆ, ಮೇಜಿನ ಮೇಲೆ ಇಟ್ಟುಹೋದ್ಲು.”

“ಗ್ಯಾಸ್ ಕರಾರಿನೋರು ಫೋನ್ ಮಾಡಿದ್ರಾ?”

“ಎರಡೂ ನಲವತ್ತಕ್ಕೆ. ‘ಹಳೇ ದರಕ್ಕೆ ಆಗಲ್ಲ ಸಾರ್, ಪರಿಸ್ಥಿತಿ ಬದಲಾಗಿದೆ.’ ಹೊಸ ದರ ಹೇಳಿದ್ರು. ನಾನು ನಕ್ಕೆ ಕಣಕ್ಕ. ನಿಜವಾಗ್ಲೂ ನಗು ಬಂತು. ಆ ದರಕ್ಕೆ ಬ್ರೆಡ್ ಸುಡೋದಕ್ಕಿಂತ ನೋಟು ಸುಟ್ಟು ಕೈ ಕಾಯ್ಸಿಕೊಳ್ಳೋದು ಅಗ್ಗ.”

ನಾನು ಅವನ ಹೆಗಲ ಮೇಲೆ ಕೈ ಇಟ್ಟೆ. ಅವನು ಸರಿದುಕೊಂಡ.

“ನೀನಾ?” ಅಂತ ಕೇಳಿದ.

ಸುಳ್ಳು ಹೇಳಬಹುದಿತ್ತು. “ನಾನೇ,” ಅಂದೆ.

“ನಾಳೆ ಹತ್ತು ಗಂಟೆ ಅಂತ ಗೊತ್ತಿತ್ತಲ್ಲ ನಿಂಗೆ?”

“ಗೊತ್ತಿತ್ತು.”

“ಗೊತ್ತಿದ್ದೂ ಮಾಡ್ದೆ.”

“ಎನ್ನೋ, ಒಬ್ಬ ಮನುಷ್ಯ ಸತ್ತಿದಾನೆ. ಅವನು ಸತ್ತಿದ್ದು ಆ ಅಂಕಿಗೋಸ್ಕರ. ಅದನ್ನ ನಾನೂ ಮುಚ್ಚಿಟ್ರೆ…”

“ಒಂದು ದಿನ ಅಕ್ಕ!” ಅವನು ಎದ್ದ. ಸ್ಟೂಲು ಉರುಳಿತು. ಅವನ ಮುಖ ನೋಡಲಾಗಲಿಲ್ಲ. ಐವತ್ತರ ಗಂಡಸಿನ ಮುಖವಾಗಿರಲಿಲ್ಲ ಅದು. “ಒಂದೇ ಒಂದು ದಿನ ಕಾದಿದ್ರೆ ಏನಾಗ್ತಿತ್ತು? ನೀವೆಲ್ಲ ಸತ್ಯವಂತರು. ನಿಮಗೆಲ್ಲ ಸತ್ಯಕ್ಕೆ ಅಷ್ಟು ಅವಸರ. ಹಬ್ಬೋ ಹತ್ರಾನೂ ಇದನ್ನೇ ಬೇಡ್ಕೊಂಡೆ. ನಾಲ್ಕೇ ದಿನ ಕಣೋ ಅಂದೆ. ಅವನೂ ಕೇಳ್ಲಿಲ್ಲ.”

ಬೀದಿಯಲ್ಲಿ ಒಂದು ಟ್ರಾಕ್ಟರ್ ಹೋಯಿತು. ತಟ್ಟೆಗಳು ನಡುಗಿ ಸುಮ್ಮನಾದವು.

ತಾನು ಏನು ಹೇಳಿದೆನೆಂದು ಅವನಿಗೆ ಇನ್ನೂ ತಿಳಿದಿರಲಿಲ್ಲ. ನನಗೆ ತಿಳಿದಿತ್ತು.

ಹಬ್ಬೋ ಮತ್ತು ಎನ್ನೋ ಚಿಕ್ಕಂದಿನಿಂದ ಒಂದೇ ಹಾಡುಗಾರರ ಗುಂಪಿನಲ್ಲಿದ್ದವರು. ಬೆಲೆ ಏರುತ್ತದೆ, ಬೇಗ ಸಹಿ ಹಾಕು ಎಂದು ಹಬ್ಬೋ ಬಂದು ಹೇಳಿರಬೇಕು. ಗೆಳೆಯ ಉಳಿದುಕೊಳ್ಳಲಿ ಎಂದು. ಕಾಲುವೆ ದಡದಲ್ಲಿ ಅವನು ಕನ್ನಡಕ ತೆಗೆದು ಓದಿದ್ದು ಎನ್ನೋ ತೋರಿಸಿದ ಆ ಕರಾರನ್ನೇ ಇರಬೇಕು.

ಇಂಥ ಹೊತ್ತಿನಲ್ಲಿ ಪೊಲೀಸರು ಹೇಳಲೇಬೇಕಾದ ಒಂದು ಮಾತಿದೆ. ನೀನು ಏನೂ ಹೇಳಬೇಕಾಗಿಲ್ಲ, ವಕೀಲರನ್ನು ಕರೆಸಿಕೊಳ್ಳಬಹುದು. ಅದನ್ನು ಹೇಳದೆ ಕೇಳಿದ ಪ್ರಶ್ನೆಯ ಉತ್ತರ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಇಪ್ಪತ್ತಾರು ವರ್ಷದಲ್ಲಿ ಕಳ್ಳರಿಗೆ, ಕುಡುಕರಿಗೆ, ಹೆಂಡತಿಯನ್ನು ಕೊಂದವರಿಗೆ ಅದನ್ನು ಹೇಳಿದ್ದೇನೆ. ನಿದ್ದೆಯಲ್ಲೂ ಹೇಳಬಲ್ಲೆ.

“ಹಬ್ಬೋ ಹತ್ರ ಯಾವಾಗ ಕೇಳ್ದೆ ಎನ್ನೋ?” ಅಂದೆ.

ಹೇಳಲೇಬೇಕಾದ ಆ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಮರೆತೆನೋ, ಮರೆಯಬೇಕೆಂದೇ ಮರೆತೆನೋ, ಈಗಲೂ ನನಗೆ ಗೊತ್ತಿಲ್ಲ.

ಎನ್ನೋ ನನ್ನನ್ನು ನೋಡಿದ. ಅವನ ಭುಜಗಳು ಕುಸಿದವು.

“ಮಂಗಳವಾರ,” ಅಂದ. “ಬೆಳಿಗ್ಗೆ ಎಂಟೂವರೆ.”

ನನ್ನ ಬೆನ್ನ ಹಿಂದೆ ಹಿತ್ತಿಲ ಬಾಗಿಲು ಕಿರ್ರೆಂದಿತು. ತಿರುಗಿದೆ. ಹೊಸ್ತಿಲ ಮೇಲೆ ರೆಂಕೋ ನಿಂತಿದ್ದ, ಟೋಪಿ ಕೈಯಲ್ಲಿ ಹಿಡಿದುಕೊಂಡು. ಎಷ್ಟು ಹೊತ್ತಿನಿಂದ ನಿಂತಿದ್ದನೋ.

“ಮೇಡಂ,” ಅಂದ ಮೆಲ್ಲಗೆ. “ನೀವು ಅವರಿಗೆ ಹೇಳ್ಬೇಕಾದ ಮಾತು ಹೇಳಿದ್ರಾ?”